ಮುದ್ದೆಯೊಳಗಿನ ಮಾತ್ರೆ

ನಮ್ಮ ಯಜಮಾನರಿಗೆ ಮೂರ್ಛೆರೋಗವಿತ್ತು. ಅದು ಗೊತ್ತಿದ್ದದ್ದು ಅವರಿಗೆ, ನನಗೆ ಮತ್ತು ಅಜ್ಜಂಪುರದ ಡಾಕ್ಟರಿಗೆ ಮಾತ್ರ. ನಮ್ಮೂರು ಕಡೂರಿನಲ್ಲಿ ಬಾಯಿ ಬಿಟ್ಟಿದ್ದರೆ ಅವರ ಕೈಗೆ ಯಾರೂ ಲಾರಿ ಕೊಡುತ್ತಿರಲಿಲ್ಲ, ನಾದಿನಿಗೆ ಗಂಡೂ ಸಿಗುತ್ತಿರಲಿಲ್ಲ. ದಿನಾ ಊಟವಾದ ಮೇಲೆ ಒಂದು ಬಿಳಿ ಮಾತ್ರೆ ನುಂಗುತ್ತಿದ್ದರು; ನಿದ್ದೆ ಮಾತ್ರೆಯ ಜಾತಿಯದೇ. ಅದು ಶುರುವಾದ ಮೇಲೆ ಮೂರ್ಛೆ ಬಂದಿರಲಿಲ್ಲ. ತೆಂಗಿನಕಾಯಿ ಲಾರಿ ಓಡಿಸಿಕೊಂಡು ಹಾಯಾಗಿದ್ದರು.

ಎಂಬತ್ತರ ದಶಕದಲ್ಲಿ ದುಬೈ ಹುಚ್ಚು ನಮ್ಮ ಕಡೆಗೂ ಬಂತು. ತರೀಕೆರೆಯ ಏಜೆಂಟನೊಬ್ಬ ಅಲ್ಲಿ ಡ್ರೈವರ್ ಕೆಲಸ ಕೊಡಿಸುತ್ತೇನೆಂದ. ಆದರೆ ಮೊದಲು ಬೊಂಬಾಯಿಯಲ್ಲಿ ಮೂತ್ರ ಪರೀಕ್ಷೆ ಪಾಸಾಗಬೇಕು. ಅಮಲಿನ ಪದಾರ್ಥ ಹುಡುಕುವ ಪರೀಕ್ಷೆಯಂತೆ. ಗಾಂಜಾ ಸೇದಿದವರಷ್ಟೇ ಅಲ್ಲ, ಕೆಮ್ಮಿನ ಔಷಧಿ ಕುಡಿದವರೂ ಸಿಕ್ಕಿಬೀಳುತ್ತಾರೆ, ನಿದ್ದೆ ಮಾತ್ರೆಯಂತೂ ವಾರಗಟ್ಟಲೆ ಮೈಯಲ್ಲಿ ಉಳಿಯುತ್ತದೆ, ಗಸಗಸೆ ಪಾಯಸ ಕೂಡ ಮುಟ್ಟಬೇಡ ಎಂದು ಅವನು ಹೆದರಿಸಿ ಕಳಿಸಿದ. ಇವರು ಮನೆಗೆ ಬಂದವರೇ ಮಾತ್ರೆ ನಿಲ್ಲಿಸಿಬಿಟ್ಟರು. ಪಾಯಸ ಬಿಟ್ಟರೆ ಯಾರೂ ಸಾಯುವುದಿಲ್ಲ. ಈ ಮಾತ್ರೆ ಏಕಾಏಕಿ ಬಿಟ್ಟರೆ ಜೀವಕ್ಕೇ ಅಪಾಯವೆಂದು ಡಾಕ್ಟರು ನನ್ನೆದುರಿಗೇ ಹೇಳಿದ್ದರು. ನೆನಪಿಸಿದೆ, ಜಗಳವಾಡಿದೆ, ಗೋಗರೆದೆ. ಮಹಾರಾಯರು ಕೇಳಬೇಕಲ್ಲ!

ಅಲ್ಲಿಂದಾಚೆಗೆ ಜೀವ ಕೈಯಲ್ಲಿ ಹಿಡಿದುಕೊಂಡು ಬದುಕಿದೆ. ಲಾರಿ ಹೊರಟರೆ ದಾರಿ ಕಾಯುವುದೇ ಕೆಲಸ. ಬರುವುದು ಸ್ವಲ್ಪ ತಡವಾದರೆ ಸಾಕು, ಗಾಡಿ ಎಲ್ಲೋ ಮಗುಚಿಬಿದ್ದಿದೆ ಅನಿಸುತ್ತಿತ್ತು. ಒಂದು ಬೆಳಿಗ್ಗೆ ಅವರ ಕೈ ಅದುರಿ ಕಾಫಿ ಲೋಟ ಬಿತ್ತು. ಹಿಂದೆಲ್ಲ ಮೂರ್ಛೆ ಬರುವ ಮುಂಚೆ ಹೀಗೇ ಆಗುತ್ತಿತ್ತು.

ಅವತ್ತೇ ಮಾತ್ರೆಯನ್ನು ಪುಡಿಮಾಡಿ ಅವರ ಪಾಲಿನ ಮುದ್ದೆಯೊಳಗೆ ಸೇರಿಸಿ ಕಟ್ಟಿದೆ. ರಾಗಿಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ? ಸಾರಿನಲ್ಲಿ ಅದ್ದಿ ನುಂಗುವುದೇ. ಗೊತ್ತಾಗಲಿಕ್ಕಿಲ್ಲ ಅಂದುಕೊಂಡೆ. ಕೆಲಸ ಹೋದರೆ ಹಾಳಾಗಿ ಹೋಗಲಿ, ಮನುಷ್ಯ ಉಳಿಯಲಿ. ಆದರೂ ಅವರು ಒಂದೊಂದು ತುತ್ತು ಮುರಿಯುವಾಗಲೂ ಅವರ ಮುಖವನ್ನೇ ನೋಡುತ್ತಿದ್ದೆ. ಬೊಂಬಾಯಿಗೆ ಹೊರಡುವವರೆಗೂ ದಿನಾ ಹಾಕಿದೆ.

ಹೋದವರು ವಾಪಸು ಬಂದರು. ಮೂತ್ರದಲ್ಲಿ ಮಾತ್ರೆ ಸಿಕ್ಕಿತ್ತು, ಕೆಲಸ ತಪ್ಪಿತ್ತು. ಏಜೆಂಟ್ ಬಾಯಿಗೆ ಬಂದಂತೆ ಬೈದನಂತೆ. ಅಷ್ಟು ಹೇಳಿ ಕೈಕಾಲು ತೊಳೆದು ಊಟಕ್ಕೆ ಕೂತರು. ಬಡಿಸಿದೆ. ಇನ್ನೇನು ಕೆನ್ನೆಗೆ ಬೀಳುತ್ತದೆ, ಇಲ್ಲವೇ ತವರಿಗೆ ನಡಿ ಅನ್ನುತ್ತಾರೆ ಎಂದು ಕಾದೆ.

"ಮುದ್ದೆ ಕಹಿ ಇತ್ತು ಕಣೇ," ಅಂದರು. "ಮೊದಲ್ನೇ ದಿನವೇ ಗೊತ್ತಾಯ್ತು."

ಹಾಗಾದರೆ ಯಾಕೆ ನುಂಗಿದಿರಿ ಎಂದು ಹೇಗೋ ಕೇಳಿದೆ.

ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ.

"ನಂಗೂ ಭಯ ಆಗಿತ್ತು," ಅಂದರು.