ಗೇಟಿನ ಮೇಲೆ ಐದು ಬೆರಳು

ಗೆಳೆಯರೇ, ಇವತ್ತು ಕುಂಭಾರಿಯ ನಮ್ಮ ಮನೆಗೆ ಸೋಲಾಪುರದಿಂದ ಚಕ್ಕಡಿಯಲ್ಲಿ ಕಬ್ಬಿಣದ ಗೇಟು ಬಂತು. ತುಕ್ಕು ತಡೆಯುವ ದಪ್ಪ ಕರಿ ಬಣ್ಣದ ಡಬ್ಬಿ ಹಿಡಿದು ಪೇಂಟರ್ ಮಹಾದೇವನೂ ಬಂದ. ಅವನು ಗೇಟನ್ನು ಉಜ್ಜಿ ಹೊಳೆಯಿಸಿ ಊಟಕ್ಕೆ ಕೂತ. ಎದ್ದು ಬರುವಷ್ಟರಲ್ಲಿ ನಮ್ಮವ್ವ ಗೇಟಿಗೆಲ್ಲ ಎಣ್ಣೆ ಸವರಿ ಅರಿಷಿಣ ಹಚ್ಚಿ ಕೈಮುಗಿಯುತ್ತಿದ್ದಳು.

“ಆಯಿ, ಎಣ್ಣಿ ಮ್ಯಾಲ ಬಣ್ಣ ಹಿಡಿಯೂದಿಲ್ರಿ!”

“ಪೂಜಿ ಮಾಡಲಾರದ ಹೊಸಾ ಕಬ್ಬಣ ಬಾಗಲಕ್ಕ ನಿಲ್ಲಸ್ತಾರೇನೋ?”

ಮಹಾದೇವ ಸೀಮೆಎಣ್ಣೆಯಲ್ಲಿ ಎಲ್ಲ ಒರೆಸಿ, ಮತ್ತೆ ಉಜ್ಜಿ, ಸಂಜೆಗೆ ಬಣ್ಣ ಮುಗಿಸಿದ. “ಇನ್ನ ಹತ್ತು ವರ್ಷ ಮಳಿ ಬಂದರೂ ಹೋಗೂದಿಲ್ರಿ” ಎಂದು ಎದೆ ತಟ್ಟಿಕೊಂಡ.

ಪೂಜೆ ಒರೆಸಿಹೋದದ್ದಕ್ಕೆ ಅವ್ವನಿಗೆ ಸಮಾಧಾನವಿರಲಿಲ್ಲ. ನಾವು ಚಹಾ ಕುಡಿಯುವಾಗ ಹಸಿ ಬಣ್ಣದ ಮೇಲೆಯೇ ಅರಿಷಿಣದ ಐದು ಬೆರಳು ಒತ್ತಿಬಿಟ್ಟಳು.

ಮಹಾದೇವನ ಹತ್ತು ವರ್ಷದ ಗ್ಯಾರಂಟಿ ಈಗ ಆ ಬೆರಳ ಗುರುತುಗಳಿಗೂ ಸೇರಿದೆ.