ಮಂಚವಿದ್ದ ಮೂಲೆಯ ಗೋಡೆ

ವುಲ್ವರ್‌ಹ್ಯಾಂಪ್ಟನ್‌ನಲ್ಲಿ ನಾವು ಮನೆ ಕೊಂಡಾಗ ನಾನು ಇಂಗ್ಲೆಂಡಿನ ಆ ಊರಿನ ಆಸ್ಪತ್ರೆಯಲ್ಲಿ ವೃದ್ಧರ ವಾರ್ಡಿನ ಡಾಕ್ಟರಾಗಿದ್ದೆ. ಕೀವು, ಮಲ, ವಾಂತಿ ಯಾವುದಕ್ಕೂ ಮೂಗು ಮುರಿದವಳಲ್ಲ. ಹಾಗಿದ್ದೂ ಆ ಮನೆಯ ಹಿಂದಿನ ಮಲಗುವ ಕೋಣೆಗೆ ಕಾಲಿಟ್ಟಾಗಲೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಗೋಡೆಗೆ ಅಂಟಿಸಿದ್ದ ಹೂವಿನ ಕಾಗದ ಸಿಗರೇಟಿನ ಹೊಗೆಗೆ ಕಂದಾಗಿತ್ತು. ವಾರವಿಡೀ ಕಿಟಕಿ ತೆರೆದಿಟ್ಟರೂ ವಾಸನೆ ಹೋಗಲಿಲ್ಲ.

"ಇದರ ಮೇಲೇ ಹೊಸ ಪೇಪರ್ ಅಂಟಿಸಿಬಿಡೋಣ ಕಣೇ, ಒಳಗೇನಿದೆ ಅಂತ ಯಾರು ನೋಡ್ತಾರೆ?" ಅಂದ ನನ್ನ ಗಂಡ. ನಾನು ಒಪ್ಪಲಿಲ್ಲ. ಇಬ್ಬರೂ ರಜೆ ಹಾಕಿ, ಹಳೆಯ ಕಾಗದ ಕೀಳಲು ಉಗಿ ಬಿಡುವ ಯಂತ್ರವೊಂದನ್ನು ಬಾಡಿಗೆಗೆ ತಂದು, ಫೋನಿನಲ್ಲಿ ವಿಡಿಯೊ ನೋಡಿಕೊಂಡು ಶುರುಮಾಡಿದೆವು.

ಕಾಗದಕ್ಕೆ ಗೀರು ಹಾಕಿ, ಉಗಿಯ ತಟ್ಟೆಯನ್ನು ಒತ್ತಿ ಹಿಡಿದು, ಅಂಟು ಮೆತ್ತಗಾದ ಮೇಲೆ ಅಗಲವಾದ ಅಲಗಿನಿಂದ ಹೆರೆಯಬೇಕು. ಉಗಿ ತಗುಲಿದ್ದೇ ತಡ, ಗೋಡೆ ಬೆವರತೊಡಗಿತು. ಹೊಗೆಯ ಜಿಡ್ಡು ಹಳದಿ ಹನಿಗಳಾಗಿ ನನ್ನ ಮೊಣಕೈವರೆಗೆ ಇಳಿಯಿತು. ಹಳೆಯ ಅಂಟು ಹುಳಿತ ಗಂಜಿಯಂತೆ ನಾರುತ್ತಿತ್ತು. ಹೂವಿನ ಕೆಳಗೆ ಹಸಿರು ಪಟ್ಟೆ, ಅದರ ಕೆಳಗೆ ದೋಣಿಗಳ ಚಿತ್ರ, ಅದರ ಹಿಂದೆ ಕಪ್ಪು ಬೂಷ್ಟು. ಹೆರೆದ ಲೋಳೆ ಚಪ್ಪಲಿಗೆ ಮೆತ್ತಿಕೊಂಡು ಅಡುಗೆಮನೆಯವರೆಗೂ ಬಂತು.

ಎರಡನೆಯ ದಿನ, ಹಿಂದಿನವರ ಮಂಚವಿದ್ದ ಮೂಲೆಗೆ ಬಂದೆವು. ನೆಲದಿಂದ ಎರಡಡಿ ಎತ್ತರದಲ್ಲಿ ತಲೆ ಒರಗಿ ಒರಗಿ ಆದ ಎಣ್ಣೆಗಲೆ, ಅದರಲ್ಲಿ ಅಂಟಿದ ಬಿಳಿಕೂದಲು. ಸುತ್ತಲೂ ಒಣಗಿದ ಸಣ್ಣ ಸಣ್ಣ ಉಂಡೆಗಳು. ಬಗ್ಗಿ ನೋಡಿದೆ. ಸಿಂಬಳ, ಕಫ, ಬೆರಳಿನಿಂದ ತೆಗೆದು ಗೋಡೆಗೆ ಒರೆಸಿದ್ದು. ಉಗಿ ತಾಗಿ ಮತ್ತೆ ಹಸಿಯಾಗಿ ಜಾರತೊಡಗಿದ್ದವು. ನಾನು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ.

ಮುಖ ತೊಳೆದು ಬರುವಷ್ಟರಲ್ಲಿ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ನಮಗೆ ಟೀ ತಂದಿದ್ದರು. ನನಗೆ ತಡೆಯಲಾಗಲಿಲ್ಲ. ಮೂಲೆಯನ್ನು ತೋರಿಸಿ, ಇಲ್ಲಿದ್ದವರು ಮನುಷ್ಯರೋ ಹಂದಿಗಳೋ ಎಂದುಬಿಟ್ಟೆ.

ಅವರು ಟ್ರೇ ಕೆಳಗಿಟ್ಟರು.

"ಅವನು ನನ್ನ ತಮ್ಮ. ಸ್ಟ್ರೋಕ್ ಆದಮೇಲೆ ಎರಡು ವರ್ಷ ಗೋಡೆ ಕಡೆಗೇ ತಿರುಗಿ ಮಲಗಿದ್ದ. ಕರ್ಚೀಫು ಕೊಟ್ಟರೆ ಹಿಡಿಯೋಕಾಗ್ತಿರಲಿಲ್ಲ. ಮಂಚ ಸರಿಸಿ ಒರೆಸೋ ಶಕ್ತಿ ನನಗಿರಲಿಲ್ಲ."

ಏಜೆಂಟರ ಮೂಲಕ ಕೊಂಡ ಮನೆ. ನಮಗೆ ಇದೊಂದೂ ತಿಳಿದಿರಲಿಲ್ಲ. ಕ್ಷಮೆ ಕೇಳಿದೆ. ಗೊತ್ತಿರಲಿಲ್ಲವಲ್ಲ ಬಿಡಿ ಎಂದು ಅವರು ಬಕೆಟ್ಟಿನಿಂದ ಸ್ಪಂಜು ಎತ್ತಿಕೊಂಡರು. ನಾನೇ ಮಾಡುತ್ತೇನೆ ಎಂದರೂ ಕೇಳದೆ, ಮಂಡಿಯೂರಿ ಕೂತು, ಗ್ಲೌಸಿಲ್ಲದ ಕೈಯಿಂದ ಆ ಜಾಗವನ್ನೆಲ್ಲ ಒರೆಸಿದರು. ವಾರ್ಡಿನಲ್ಲಿ ಇಂಥ ಎಷ್ಟೋ ಜನರ ಮೂಗನ್ನು ನಾನೂ ಒರೆಸಿದ್ದೇನೆ. ಆದರೆ ಅದು ಕೆಲಸ. ಇದು ನಾನು ಮಲಗಬೇಕಾದ ಕೋಣೆ. ನಾಚಿಕೆ ಆಯಿತು, ನಿಜ. ಹೇಸಿಗೆ ಮಾತ್ರ ಒಂದಿಷ್ಟೂ ಕಡಿಮೆಯಾಗಲಿಲ್ಲ. ಕೈಯನ್ನು ಸ್ಕರ್ಟಿಗೆ ಒರೆಸಿಕೊಂಡು ಅವರು ನನಗೆ ಕಪ್ಪು ಎತ್ತಿಕೊಟ್ಟರು. ತುಟಿಗೆ ತಾಗಿಸಿದೆ, ಕುಡಿಯಲಾಗಲಿಲ್ಲ. ಅವರು ಹೋದಮೇಲೆ ಸಿಂಕಿಗೆ ಸುರಿದೆ.

ಉಳಿದ ಕಾಗದವನ್ನೂ ಹೆರೆದು, ಗೋಡೆಯನ್ನು ಸೋಪುನೀರಿನಲ್ಲಿ ಮೂರು ಸಲ ತೊಳೆದೆವು. ಬೂಷ್ಟಿಗೆ ಔಷಧಿ ಹಚ್ಚಿ, ತೂತು ಮುಚ್ಚಿ, ಉಜ್ಜುಕಾಗದದಲ್ಲಿ ತಿಕ್ಕಿ, ಕಲೆ ಮೇಲೇಳದಂತೆ ಬಣ್ಣ ಬಳಿದು ಒಣಗಲು ಬಿಟ್ಟೆವು. ಹೊಸ ಕಾಗದ ಚೆನ್ನಾಗಿಯೇ ಕೂತಿತು. ಅಜ್ಜಿ ನೋಡಲು ಬಂದು, ಆ ಮೂಲೆಯನ್ನು ಅಂಗೈಯಿಂದ ಸವರಿ, ಎಲ್ಲಿ ಜೋಡಿಸಿದ್ದೀರಿ ಎಂದೇ ತಿಳಿಯುವುದಿಲ್ಲ ಎಂದು ನನ್ನ ಗಂಡನನ್ನು ಹೊಗಳಿದರು. ನಾನು ಬಾಗಿಲಲ್ಲೇ ನಿಂತಿದ್ದೆ.

ಆ ಮನೆಯಲ್ಲಿ ಆರು ವರ್ಷ ಇದ್ದೆವು. ಆ ಕೋಣೆಯಲ್ಲಿ ನಾನು ಒಂದು ದಿನವೂ ಮಲಗಲಿಲ್ಲ. ಇಸ್ತ್ರಿ ಮಾಡಬೇಕಾದ ಬಟ್ಟೆಗಳನ್ನು ಅಲ್ಲಿ ಗುಡ್ಡೆ ಹಾಕಿಡುತ್ತಿದ್ದೆವು.