ಗೌಂಡಿ ಕಾಕಾನ ಎದುರು ನಾನು ಗೆದ್ದೆನಂತೆ

ಮಗಳನ್ನು ಕಾಲೇಜು ಬಿಡಿಸಲು ಬಂದ ಅಪ್ಪನನ್ನು ಡಿಬೇಟ್ ತಂಡದ ಹುಡುಗಿಯೊಬ್ಬಳು ಹತ್ತೇ ನಿಮಿಷದಲ್ಲಿ ವಾದಿಸಿ ಒಪ್ಪಿಸಿದಳಂತೆ. ನಮ್ಮ ಕ್ಯಾಂಪಸ್ಸಿನಲ್ಲಿ ಈಗಲೂ ಹೀಗೆ ಹೇಳುತ್ತಾರೆ. ಆ ಹುಡುಗಿ ನಾನೇ. ಒಪ್ಪಿಸಿದ್ದು ಮಾತ್ರ ಸುಳ್ಳು.

ಆಗ ನಾನು ಹೈದರಾಬಾದಿನ ಅಂಚಿನ ಪುಟ್ಟ ಖಾಸಗಿ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಮೂರನೇ ವರ್ಷದಲ್ಲಿದ್ದೆ. ಓದಿನ ಜೊತೆಗೆ ಪೀರ್ ಟ್ಯೂಟರ್ ಕೆಲಸ. ಅಂದರೆ ಕಿರಿಯರ ಬರವಣಿಗೆಯನ್ನು ಕೂತು ತಿದ್ದಿಸುವುದು. ನಮ್ಮಲ್ಲಿ ಮೊದಲ ವರ್ಷ ಯಾರೂ ಮೇಜರ್, ಎಂದರೆ ಮುಖ್ಯ ವಿಷಯ, ಆರಿಸುವಂತಿಲ್ಲ. ಚರಿತ್ರೆ, ಸಂಖ್ಯಾಶಾಸ್ತ್ರ, ನಾಟಕ ಎಲ್ಲವನ್ನೂ ಒಂದಿಷ್ಟು ಓದಬೇಕು. ಇದನ್ನು ಮನೆಯವರಿಗೆ ವಿವರಿಸುವುದು ಯಾವ ಪರೀಕ್ಷೆಗಿಂತಲೂ ಕಷ್ಟ.

ನನ್ನ ಬಳಿ ಬರುತ್ತಿದ್ದ ಮೊದಲ ವರ್ಷದ ರೇಣುಕಾಳ ಅಪ್ಪ ಶರಣಪ್ಪ ಯಾದಗಿರಿ ಕಡೆಯ ಗೌಂಡಿ, ಗಾರೆ ಕೆಲಸದವರು. ಹೈದರಾಬಾದಿನದೇ ಮಣಿಕೊಂಡದಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು. ಒಂದು ಮಧ್ಯಾಹ್ನ ಡೀನ್ ಕೋಣೆಗೆ ಬಂದು ಕೂತರು. ಮಗಳಿಗೆ ಕಲಬುರಗಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ, ಸೇರಲು ನಾಳೆಯೇ ಕೊನೆಯ ದಿನ. ಪಕ್ಕದಲ್ಲೇ ಕೂತಿದ್ದ ರೇಣುಕಾಗೆ ಹೋಗುವ ಮನಸ್ಸಿಲ್ಲ. ಕನ್ನಡದವಳೆಂದು ಡೀನ್ ನನ್ನನ್ನು ಕರೆಸಿದರು.

ಡಿಬೇಟಿನಲ್ಲಿ ನಮಗೊಂದು ಪಾಠವಿದೆ: ಎದುರಾಳಿಯ ವಾದವನ್ನು ಅವನಿಗಿಂತ ಗಟ್ಟಿಯಾಗಿ ನೀನೇ ಹೇಳು, ಆಮೇಲೆ ಒಡೆ. ಹಾಗೇ ಶುರುಮಾಡಿದೆ. ನರ್ಸಿಗೆ ಎಲ್ಲ ಊರಲ್ಲೂ ಕೆಲಸವುಂಟು, ನಮ್ಮ ಡಿಗ್ರಿಯ ಹೆಸರು ನೆಂಟರಿಗೂ ತಿಳಿಯದು ಎಂದೆ.

ಶರಣಪ್ಪ ಎದ್ದೇಬಿಟ್ಟರು. "ಕೇಳಿದೇನವ್ವಾ? ಕಾಲೇಜಿನೋರ ಹೇಳಾಕತ್ತಾರ. ಗಂಟು ಕಟ್ಟು."

"ಕಾಕಾ, ಇನ್ನ ಮುಗದಿಲ್ರಿ!"

"ಮುಗೀತು ತಂಗಿ. ಭಾಳ ಛಲೋ ಹೇಳ್ದಿ."

ರೇಣುಕಾ ನನ್ನನ್ನು ನುಂಗುವಂತೆ ನೋಡಿದಳು. "ಅಕ್ಕಾ, ನೀ ಯಾರ ಕಡೆ ಅದಿ?"

ಉತ್ತರಕ್ಕೆ ಕಾಯದೆ ಅವಳೇ ಬ್ಯಾಗಿನಿಂದ ತನ್ನ ಪ್ರಾಜೆಕ್ಟ್ ತೆಗೆದಳು. ಕಟ್ಟಡ ಕೆಲಸದ ಜಾಗ ಬದಲಾದಂತೆಲ್ಲ ಕಾರ್ಮಿಕರ ಮಕ್ಕಳ ಶಾಲೆ ಹೇಗೆ ತಪ್ಪುತ್ತದೆಂದು ಅಪ್ಪನ ಶೆಡ್ಡಿನವರನ್ನೇ ಕೇಳಿ ಬರೆದದ್ದು. ಇಂಗ್ಲಿಷಿನಲ್ಲಿತ್ತು, ಕನ್ನಡ ಮಾಡುತ್ತ ಓದತೊಡಗಿದಳು. ಶರಣಪ್ಪ ಬಾಗಿಲಲ್ಲೇ ನಿಂತರು. ಆಮೇಲೆ ಕೂತರು.

"ತಡಿ. ನಮ್ಮ ಶೆಡ್ಡಿನ ಭೀಮವ್ವಗ ಮೂರಲ್ಲ, ನಾಕು ಮಕ್ಳು."

"ಮೂರು ಅಂತ ಆಕೀನ ಹೇಳ್ಯಾಳಪ್ಪ."

"ದೊಡ್ಡಾಂವ ಕೆಲ್ಸಕ್ಕ ಹೊಕ್ಕಾನ. ಅವನ್ನ ಸಾಲಿ ಹುಡುಗ್ರಾಗ ಎಣಿಸಿಲ್ಲ ಆಕಿ. ಅವನ್ನ ಬಿಟ್ಟು ಇದೇನ್ ಬರ್ದಿ?"

ಡೀನ್‌ಗೆ ಅನುವಾದಿಸಿ ಹೇಳಿದೆ. ಅಷ್ಟು ಚುರುಕಾದ ಟಿಪ್ಪಣಿಯನ್ನು ಆ ಪ್ರಾಜೆಕ್ಟಿನ ಮೇಲೆ ನಾನೂ ಬರೆದಿರಲಿಲ್ಲ.

"ಮೊದ್ಲ ಇದನ್ನ ನೆಟ್ಟಗ ಮಾಡು. ಮುಂದಿನ ವಾರ ಬಂದು ಕೇಳ್ತೀನಿ," ಎಂದು ಶರಣಪ್ಪ ಚಪ್ಪಲಿ ಮೆಟ್ಟಿದರು.

ಆ ಟ್ಯೂಟರ್ ಕೆಲಸ ನನಗೆ ಕಲಿಸಿದ್ದಿಷ್ಟು: ಬದುಕು ಯಾರದೋ ಅವರು ಪಕ್ಕದಲ್ಲೇ ಕೂತಿರುವಾಗ, ಅವರ ಪರವಾಗಿ ನಾನು ಮೊದಲು ಬಾಯಿ ತೆರೆಯಬಾರದು. ರೇಣುಕಾ ಉಳಿದಳು, ಸಮಾಜಶಾಸ್ತ್ರ ಆರಿಸಿಕೊಂಡಳು. ನನಗೆ ಅನುಮಾನವೊಂದು ಉಳಿಯಿತು. ಅವಳ ಪದವಿ ಪ್ರದಾನದ ದಿನ ಶರಣಪ್ಪ ಮೈಸೂರ್‌ಪಾಕ್ ತಿನ್ನುತ್ತಿದ್ದಾಗ ಕೇಳಿಯೇಬಿಟ್ಟೆ:

"ಕಾಕಾ, ಸೀಟಿಗೆ ನಾಳೇನ ಕಡೀ ದಿನ ಅಂತ ಗೊತ್ತಿದ್ದೂ 'ಮುಂದಿನ ವಾರ' ಅಂದ್ರಲ್ರಿ, ಅವತ್ತ ಖರೇನ ಮರ್ತಿದ್ರೋ, ಮರ್ತಂಗ ಮಾಡಿದ್ರೋ?"